ಮಣೆಯ ಮೇಲಿನ ಫೋನು

ಕಪಿಲೆಯ ದಂಡೆಯಲ್ಲಿ ಒಂದು ಪುಟ್ಟ ಮಠ. ಅಲ್ಲಿ ನಿರ್ವಾಣಸ್ವಾಮಿಗಳು ಅಂತ ಒಬ್ಬ ವಯಸ್ಸಾದ ಗುರು. ಅವರ ಕೆಲಸ ಎರಡೇ. ಬಂದವರಿಗೆ ಪಾಠ ಹೇಳುವುದು, ಬೂದಿ ಕಲಸಿ ವಿಭೂತಿ ಗಟ್ಟಿ ಮಾಡುವುದು.

ಅವರ ಶಿಷ್ಯ ರಾಚಯ್ಯ. ನಲವತ್ತು ದಾಟಿದವನು, ಬಂಗಾರದಂಥ ಮನುಷ್ಯ. ಆದರೆ ಒಂದು ಸೌತೆಕಾಯಿ ಕೊಳ್ಳಬೇಕಾದರೂ ಇಡೀ ಸಂತೆ ಸುತ್ತಿ ಬರುವ ಆಸಾಮಿ. ಆ ಕಡೆ ಮಠದ ಗುರುಗಳನ್ನು ‘ಬುದ್ಧಿ’ ಅಂತ ಕರೆಯುವುದು ವಾಡಿಕೆ. ದಿನಕ್ಕೆ ನೂರು ಸಲ ‘ಬುದ್ಧಿ’ ಅನ್ನದಿದ್ದರೆ ರಾಚಯ್ಯನಿಗೆ ಅನ್ನ ಸೇರುತ್ತಿರಲಿಲ್ಲ.

ಆ ಮಠಕ್ಕೆ ಒಂದು ಕಟ್ಟಳೆ ಇತ್ತು. ಕಲಿಸುವವರು ಮಣೆಯ ಮೇಲೆ ಕೂರಬೇಕು, ಕಲಿಯುವವರು ನೆಲದ ಮೇಲೆ. ವಯಸ್ಸು, ಪದವಿ ಯಾವುದೂ ಲೆಕ್ಕಕ್ಕಿಲ್ಲ. ಬಾವಿಯ ಪಂಪು ರಿಪೇರಿಗೆ ಬಂದವನು ಬುದ್ಧಿಗೆ ಅದರ ಮರ್ಮ ಹೇಳಿಕೊಟ್ಟ ದಿನ ಅವನನ್ನೂ ಮಣೆಯ ಮೇಲೆ ಕೂರಿಸಿದ್ದರು. ಪಾಪ, ಬೆವತು ನೀರಾಗಿದ್ದ.

ಒಂದು ಬೆಳಿಗ್ಗೆ ಮಠದ ಹಳೇ ಕೀಪ್ಯಾಡ್ ಫೋನು ಬಡಿದುಕೊಂಡಿತು. ಆ ಕಡೆ ದಾಕ್ಷಾಯಿಣಿ. ಶಾಂತಯ್ಯನವರ ತಂಗಿಯ ಮಗಳು.

ಶಾಂತಯ್ಯನವರು ಬುದ್ಧಿಯ ಜೊತೆಗಾರರು. ಇಬ್ಬರೂ ಎಳೆಯ ವಯಸ್ಸಿನಲ್ಲಿ ಒಂದೇ ವರ್ಷ ಈ ಮಠಕ್ಕೆ ಬಂದವರು. ಶಾಂತಯ್ಯ ಬಲು ಚುರುಕು, ನಿರ್ವಾಣಯ್ಯ ಬಲು ನಿಧಾನ. ಗುರುಗಳು ಹೇಳಿದ್ದು ಶಾಂತಯ್ಯನಿಗೆ ಒಂದೇ ಸಲಕ್ಕೆ ಹತ್ತುತ್ತಿತ್ತು. ಆಮೇಲೆ ಅವನೇ ಮಣೆ ಹಾಕಿಕೊಂಡು ಗೆಳೆಯನಿಗೆ ಕಲಿಸುತ್ತಿದ್ದ.

“ನಿನ್ನಂಥ ಮೊದ್ದು ಈ ಹೊಳೆಯ ಎರಡು ದಂಡೆಯಲ್ಲೂ ಇಲ್ಲ ಕಣೋ,” ಎಂದು ರೇಗಿಸುತ್ತಿದ್ದ. ರೇಗಿಸಿ, ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದ. ಮುಂದೆ ಶಾಂತಯ್ಯನವರು ದೂರದ ಊರಿನ ಪಾಠಶಾಲೆಗೆ ಹೋಗಿ ಐವತ್ತು ವರ್ಷ ಪಾಠ ಹೇಳಿದರು.

“ಮಾವನಿಗೆ ಲಕ್ವ ಹೊಡೆದು ಎರಡು ತಿಂಗಳಾಯ್ತು ಬುದ್ಧಿ,” ಎಂದಳು ದಾಕ್ಷಾಯಿಣಿ. “ಮಾತು ಹೋಗಿದೆ. ಎಡಗೈ ಒಂದು ಆಡುತ್ತೆ. ಈಗ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾರೆ. ಗಂಜಿ ಕೊಟ್ಟರೆ ಬಾಯಿ ತೆರೆಯಲ್ಲ. ಗ್ಲೂಕೋಸ್ ಹಾಕಿಸ್ತಿದ್ದೀವಿ. ಹೀಗೇ ಆದರೆ ಕಷ್ಟ ಅಂತ ಡಾಕ್ಟರು ಹೇಳಿದರು.”

“ಅವನ ಕಿವಿಗೆ ಹಿಡಿಯವ್ವಾ,” ಎಂದರು ಬುದ್ಧಿ.

ಹಿಡಿದಳು.

“ಶಾಂತಾ,” ಎಂದರು ಬುದ್ಧಿ. ಉಸಿರು ಕೇಳಿಸಿತು. ಮತ್ತೆ ಕರೆದರು. ಮತ್ತೆ ಉಸಿರೇ.

ಬುದ್ಧಿಗೆ ಎಂಬತ್ತನಾಲ್ಕು. ಮಂಡಿಗಳೆರಡೂ ಕೈಕೊಟ್ಟಿದ್ದವು. ಹೊಳೆಗೆ ಇಳಿಯುವ ಮೆಟ್ಟಿಲೇ ಅವರಿಗೆ ದೂರದ ಪ್ರಯಾಣ. ಬಸ್ಸಿನಲ್ಲಿ ಇಡೀ ದಿನ ಕೂರುವ ಮಾತೇ ಇರಲಿಲ್ಲ.

“ರಾಚಯ್ಯ, ಮುಖ ಕಾಣೋ ಫೋನು ತಾ. ಕಡಿಮೆ ಬೆಲೆಯದು ಸಾಕು.”

ರಾಚಯ್ಯ ಪೇಟೆಗೆ ಹೋದ. ಸಂಜೆ ಬರಿಗೈಯಲ್ಲಿ ಬಂದ.

“ಬುದ್ಧಿ, ಆ ಬೆಲೆಗೆ ಐದು ನಮೂನೆ ಇವೆ. ಒಂದಕ್ಕೆ ಬ್ಯಾಟರಿ ಚೆನ್ನಾಗಿದೆ. ಒಂದಕ್ಕೆ ಕ್ಯಾಮೆರಾ ಚೆನ್ನಾಗಿದೆ. ನಾಳೆ ಇನ್ನೊಂದು ಅಂಗಡಿ ನೋಡ್ತೀನಿ.”

ನಾಳೆ ಇನ್ನೊಂದು ಅಂಗಡಿ ನೋಡಿದ. ನಾಡಿದ್ದು ಮತ್ತೊಂದು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದ. ಮೆಮೊರಿ ಇಷ್ಟು, ಪರದೆ ಇಷ್ಟಗಲ, ಬಿದ್ದರೆ ಒಡೆಯುತ್ತೋ ಇಲ್ಲವೋ. ನಾಲ್ಕನೆಯ ದಿನ ಚಪ್ಪಲಿ ಮೆಟ್ಟಿಕೊಂಡು ಹೊರಟವನನ್ನು ಬುದ್ಧಿ ಕೂಗಿದರು.

“ಕ್ಯಾಮೆರಾ ಚೆನ್ನಾಗಿರೋದರಲ್ಲಿ ಶಾಂತಯ್ಯ ಕಾಣ್ತಾನಾ?”

“ಕಾಣ್ತಾರೆ ಬುದ್ಧಿ.”

“ಬ್ಯಾಟರಿ ಚೆನ್ನಾಗಿರೋದರಲ್ಲಿ?”

“ಅದರಲ್ಲೂ ಕಾಣ್ತಾರೆ.”

“ಯಾವುದರಲ್ಲಿ ಕಾಣಲ್ಲ?”

ರಾಚಯ್ಯ ನೋಟ್‌ಬುಕ್ಕು ತೆರೆದ. ಹಾಳೆ ತಿರುವಿದ. ಮತ್ತೆ ಮುಚ್ಚಿದ. ಅವನ ಮುಖ ಸಣ್ಣದಾಯಿತು.

“ನಾನು ಇನ್ನೂ ತರದೇ ಇರೋದರಲ್ಲಿ, ಬುದ್ಧಿ.”

ಮಧ್ಯಾಹ್ನದೊಳಗೆ ಫೋನು ಬಂತು. ನೀಲಿ ಬಣ್ಣದ್ದು, ಹಗುರ, ಬೆನ್ನೆಲ್ಲ ಪ್ಲಾಸ್ಟಿಕ್ಕು. ಬುದ್ಧಿ ಅದನ್ನು ಅಂಗೈಯಲ್ಲಿಟ್ಟು ನೋಡಿ, “ಚೆನ್ನಾಗಿದೆ,” ಎಂದರು. ಏನು ತಂದರೂ ಅವರು ಹಾಗೇ ಅನ್ನುತ್ತಿದ್ದರು.

ರಾಚಯ್ಯನೇ ಎಲ್ಲ ಮಾಡಿದ. ಗುರುಗಳ ಕೈಗೆ ಕೆಲಸ ಕೊಡುವುದುಂಟೇ? ಸಿಮ್ ಹಾಕಿದ, ದಾಕ್ಷಾಯಿಣಿಯ ನಂಬರು ಒತ್ತಿದ, ಬುದ್ಧಿಯ ಮುಖದ ಮುಂದೆ ಫೋನನ್ನು ಎರಡು ಕೈಯಲ್ಲಿ ಅಲುಗದ ಹಾಗೆ ಹಿಡಿದ. ವಿಭೂತಿ, ರುದ್ರಾಕ್ಷಿ, ಬಿಳಿ ಗಡ್ಡ, ಎಲ್ಲ ಚೌಕಟ್ಟಿನೊಳಗೆ ಲಕ್ಷಣವಾಗಿ ಬಂದವು.

ಆ ಕಡೆ ದಾಕ್ಷಾಯಿಣಿ ಶಾಂತಯ್ಯನವರನ್ನು ಇತ್ತ ತಿರುಗಿಸಿದಳು. ಅವರು ಗೆಳೆಯನನ್ನು ನೋಡಿದರು. ಬುದ್ಧಿ ಊರಿನ ಮಾತಾಡಿದರು, ಹೊಳೆಯ ಮಾತಾಡಿದರು. ಶಾಂತಯ್ಯನವರ ಕಣ್ಣಂಚಿನಿಂದ ಒಂದು ಹನಿ ಇಳಿಯಿತು. ಆಮೇಲೆ ಅವರು ಕಣ್ಣು ಮುಚ್ಚಿ, ಕತ್ತನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಅವತ್ತೂ ಗಂಜಿ ಮುಟ್ಟಲಿಲ್ಲ.

ರಾಚಯ್ಯ ಫೋನನ್ನು ದುರುಗುಟ್ಟಿಕೊಂಡು ನೋಡಿದ.

“ಈ ದರಿದ್ರ ಫೋನಿಂದಲೇ ಬುದ್ಧಿ! ಕ್ಯಾಮೆರಾ ಚೆನ್ನಾಗಿರೋದನ್ನೇ ತರಬೇಕಿತ್ತು.”

“ಫೋನಿಗೆ ಯಾಕಪ್ಪಾ ಬೈತೀಯ? ಅದು ಅದರ ಕೆಲಸ ಮಾಡಿತು.” ಬುದ್ಧಿ ಹೊಳೆಯ ಕಡೆ ತಿರುಗಿದರು. “ಅವನಿಗೆ ಅಲ್ಲಿ ಮಾಡೋಕೆ ಏನೂ ಇರಲಿಲ್ಲ, ನೋಡೋದು ಬಿಟ್ಟು.”

ಆಮೇಲೆ ಎದ್ದು ಮಣೆ ತಂದು ಜಗಲಿಯ ಮೇಲೆ ಹಾಕಿದರು.

“ಕೂತ್ಕೋ ರಾಚಯ್ಯ. ಇದನ್ನ ನನಗೆ ಕಲಿಸು.”

“ಅಯ್ಯಯ್ಯೋ! ನಾನಿದ್ದೀನಲ್ಲ ಬುದ್ಧಿ, ನಾನೇ ಒತ್ತಿಕೊಡ್ತೀನಿ.”

“ಅವನು ಆಡೋ ಒಂದು ಕೈಯಲ್ಲೇ ದಿನ ದೂಡ್ತಿದ್ದಾನೆ. ಎರಡು ಕೈ ಇಟ್ಟುಕೊಂಡು ನಾನು ನಿನ್ನ ಹತ್ತಿರ ಒತ್ತಿಸಲೇ? ಕೂತ್ಕೋ.”

ಕಟ್ಟಳೆ ಕಟ್ಟಳೆಯೇ. ರಾಚಯ್ಯ ಮುಳ್ಳಿನ ಮೇಲೆ ಕೂತವನ ಹಾಗೆ ಮಣೆಯ ತುದಿಯಲ್ಲಿ ಕೂತ. ಬುದ್ಧಿ ಕೈ ಊರಿ, ಮಂಡಿ ಸವರಿಕೊಂಡು, ನೆಲದ ಮೇಲೆ ಕೂತರು.

“ಇಲ್ಲಿ ಮುಟ್ಟಿ ಬುದ್ಧಿ.”

ಬುದ್ಧಿ ಮುಟ್ಟಿದರು. ಫೋನು ಸುಮ್ಮನಿತ್ತು. ಒತ್ತಿದರು. ಸುಮ್ಮನಿತ್ತು. ರಾಚಯ್ಯ ಮುಟ್ಟಿದರೆ ಚಕ್ಕನೆ ತೆರೆಯುವ ಪರದೆ, ಬುದ್ಧಿ ಮುಟ್ಟಿದರೆ ಕಲ್ಲಿನ ಹಾಗೆ ಬಿದ್ದುಕೊಂಡಿರುತ್ತಿತ್ತು. ಬೆರಳಚ್ಚು ಕೊಡಲು ಹೋದರೆ, ಬೆರಳನ್ನು ಎಷ್ಟು ಸಲ ಇಟ್ಟರೂ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತಿತ್ತು.

ರಾಚಯ್ಯ ಫೋನನ್ನು ಪಂಚೆಯ ಅಂಚಿಗೆ ಸುತ್ತಿಕೊಂಡು ಅಂಗಡಿಗೆ ಓಡಿದ.

ಅಂಗಡಿಯವನು ಅದನ್ನು ಮುಟ್ಟಿದ, ಎಳೆದ, ತಿರುಗಿಸಿದ. “ಯಜಮಾನ್ರೇ, ಫೋನು ಸರಿಯಾಗಿದೆ.”

“ನಮ್ಮ ಗುರುಗಳು ಮುಟ್ಟಿದರೆ ಸುಮ್ಮನಿರುತ್ತಲ್ಲಪ್ಪಾ!”

ಅಂಗಡಿಯವನು ಒಂದು ತಾಸು ನೋಡಿ ಕೊಟ್ಟು ಕಳಿಸಿದ. ಮಾರನೆಯ ದಿನ ರಾಚಯ್ಯ ಮತ್ತೆ ಹಾಜರ್. ಈ ಸಲ ಅಂಗಡಿಯವನಿಗೆ ರೇಗಿತು.

“ಫೋನಿನಲ್ಲಿ ಏನೂ ದೋಷ ಇಲ್ಲ ಸ್ವಾಮಿ. ನಿಮ್ಮ ಗುರುಗಳನ್ನೇ ರಿಪೇರಿಗೆ ಕರಕೊಂಡು ಬನ್ನಿ!”

ರಾಚಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದ. ಮಠಕ್ಕೆ ಬಂದು, ತಲೆ ತಗ್ಗಿಸಿ, ಆ ಮಾತನ್ನು ಹೇಳಿದ.

ಬುದ್ಧಿ ಹೊಟ್ಟೆ ಕುಣಿಯುವಷ್ಟು ನಕ್ಕರು.

“ಅವನು ಸರಿಯಾಗೇ ಹೇಳಿದ್ದಾನೆ,” ಎಂದು ತಮ್ಮ ತೋರುಬೆರಳನ್ನು ಬಿಸಿಲಿಗೆ ಹಿಡಿದರು.

ರಾಚಯ್ಯ ಅದನ್ನು ಅವತ್ತೇ ಸರಿಯಾಗಿ ನೋಡಿದ್ದು. ಅರವತ್ತೈದು ವರ್ಷ ಬೂದಿ ಕಲಸಿದ ಬೆರಳು. ಬೂದಿ ಇದ್ದ ಬದ್ದ ಪಸೆಯನ್ನೆಲ್ಲ ಹೀರಿಬಿಟ್ಟಿತ್ತು. ಗೆರೆಗಳು ಸವೆದು ನುಣ್ಣಗಾಗಿದ್ದವು.

ಬುದ್ಧಿ ಕನ್ನಡಕದ ಗಾಜಿಗೆ ಊದುವ ಹಾಗೆ ಬೆರಳಿಗೆ ‘ಹಾ’ ಅಂತ ಉಸಿರು ಬಿಟ್ಟರು. ಪರದೆಗೆ ಮುಟ್ಟಿಸಿದರು.

ಪರದೆ ತೆರೆಯಿತು.

“ನೋಡಿದೆಯಾ? ಅದಕ್ಕೆ ಜೀವ ಇರೋ ಬೆರಳು ಬೇಕಂತೆ.”

ಅಲ್ಲಿಂದ ಶುರುವಾಯಿತು ಪಾಠ. ಎಂಥ ಪಾಠ ಅಂತೀರಿ! ಬುದ್ಧಿ ಒಂದು ಮುಟ್ಟಲು ಹೋಗಿ ಇನ್ನೊಂದು ಮುಟ್ಟುತ್ತಿದ್ದರು. ಹಾಡಹಗಲಲ್ಲಿ ಟಾರ್ಚು ಹತ್ತುತ್ತಿತ್ತು. ಒಂದು ಸಲ ಹಾಲಿನವನಿಗೆ ವಿಡಿಯೋ ಕಾಲ್ ಹೋಯಿತು. ಅವನು ಎಮ್ಮೆಯ ಪಕ್ಕ ಕೂತಲ್ಲೇ ಕೈಮುಗಿದ. ಬುದ್ಧಿ ಎಮ್ಮೆಯ ಯೋಗಕ್ಷೇಮ ವಿಚಾರಿಸಿದರು.

“ಕರೆಯೋ ಹಸಿರು ಗುರುತು ಯಾವ ಕಡೆ ಅಂದೆ ರಾಚಯ್ಯ?”

“ಬಲಗಡೆ ಬುದ್ಧಿ.”

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಏಳನೇ ಸಲ ಕೇಳುವಾಗಲೂ ಮೊದಲ ಸಲ ಕೇಳಿದಷ್ಟೇ ಆಸೆಯಿಂದ ಕೇಳುತ್ತಿದ್ದರು. ನಾಚಿಕೆ ಇಲ್ಲ, ಸಿಡುಕು ಇಲ್ಲ. ಈ ರಾಚಯ್ಯನಿಗೆ ಒಂದು ಶ್ಲೋಕ ಎರಡನೇ ಸಲ ಕೇಳಬೇಕಾದರೆ ಮರ್ಯಾದೆ ಹೋದ ಹಾಗಾಗುತ್ತಿತ್ತು. ಮಠಕ್ಕೆ ಬಂದ ಈ ಆರು ವರ್ಷದಲ್ಲಿ ಎಷ್ಟೋ ಪಾಠ ಅರ್ಥವಾಗದೆಯೂ ಅವನು ತಲೆಯಾಡಿಸಿದ್ದ.

ಮೂರನೆಯ ದಿನ ಹಿಂದಿನ ಅಂಗಳಕ್ಕೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟ.

ಬುದ್ಧಿ ಒಬ್ಬರೇ ಕೂತಿದ್ದರು. ಮುಂದೆ ಒಂದು ಹಲಗೆ. ಹಲಗೆಯ ಮೇಲೆ ಜರಡಿ ಹಿಡಿದ ಬೂದಿ ಹರಡಿ, ಅದರಲ್ಲಿ ಬೆರಳಿನಿಂದ ಫೋನಿನ ಪರದೆ ಬರೆದಿದ್ದರು. ಮೇಲೆ ಹೆಸರು, ಕೆಳಗೆ ಹಸಿರು, ಕೆಂಪು. ಮುಟ್ಟುವುದು, ಎಳೆಯುವುದು, ಅಳಿಸಿ ಮತ್ತೆ ಬರೆಯುವುದು. ತುಟಿಯಲ್ಲಿ ಸಣ್ಣಗೆ ಹೇಳಿಕೊಳ್ಳುತ್ತಿದ್ದರು, “ಮೊದಲು ಇದು... ಆಮೇಲೆ ಇದು...”

ರಾಚಯ್ಯನ ಕಣ್ಣು ತುಂಬಿ ಬಂತು. ಇಂಥವರ ಪಾದದ ಹತ್ತಿರ ಕೂರುವ ಪುಣ್ಯ ನನಗೆ ಎಲ್ಲಿಂದ ಬಂತಪ್ಪಾ ಅಂದುಕೊಂಡ. ಸದ್ದು ಮಾಡದೆ ಹಿಂದಕ್ಕೆ ಬಂದ.

ಐದನೆಯ ದಿನ ಬುದ್ಧಿಗೆ ಎಲ್ಲ ಬಂತು. ತೆರೆಯುವುದು, ಕರೆಯುವುದು, ಕತ್ತರಿಸುವುದು. ಫೋನನ್ನು ಮುಖಕ್ಕೆ ನೇರ ಹಿಡಿದು, ತಮ್ಮ ಮುಖ ನೋಡಿಕೊಂಡು, “ಗಡ್ಡ ಪೂರ್ತಿ ಬಂತು ನೋಡು,” ಎಂದು ತೋರಿಸಿದರು. ರಾಚಯ್ಯ ಹೆಮ್ಮೆಯಿಂದ ಉಬ್ಬಿದ. ಅವನ ಮೊದಲ ಶಿಷ್ಯ ಪಾಸಾಗಿದ್ದ.

ಆರನೆಯ ದಿನ ಬೆಳಿಗ್ಗೆ ದಾಕ್ಷಾಯಿಣಿಯೇ ಹಳೇ ಫೋನಿಗೆ ಕರೆ ಮಾಡಿದಳು. ಅಳುತ್ತಿದ್ದಳು. “ಈಗ ನೀರನ್ನೂ ಉಗುಳ್ತಿದ್ದಾರೆ ಬುದ್ಧಿ.”

“ನಿನ್ನ ಫೋನು ಅವನ ಎದುರಿಗೆ ಇಟ್ಟು ಕೂರವ್ವಾ. ಗಂಜಿ ಕಾಯಿಸಿಟ್ಟುಕೋ.”

ಬುದ್ಧಿ ಬೆರಳಿಗೆ ‘ಹಾ’ ಅಂದರು. ತಾವೇ ತೆರೆದರು. ತಾವೇ ಹೆಸರು ಹುಡುಕಿ, ತಾವೇ ಒತ್ತಿದರು. ಪರದೆಯ ಮೇಲೆ ಶಾಂತಯ್ಯನವರು ಮೂಡಿದರು. ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣು ಎಲ್ಲೋ ಇತ್ತು.

“ಶಾಂತಾ, ಕಾಣ್ತಾ ಇದ್ದೀನಾ?”

ಕಾಣುತ್ತಿರಲಿಲ್ಲ. ಬುದ್ಧಿ ಫೋನನ್ನು ಎತ್ತಿ ಹಿಡಿದಿದ್ದರು. ಮಠದ ಸೂರಿನ ಹೆಂಚುಗಳು, ಕೆಳಗೆ ಒಂದು ಚೂರು ಹಣೆ.

ಅಯ್ಯೋ, ನಿನ್ನೆ ಬಂದಿತ್ತಲ್ಲ! ರಾಚಯ್ಯ ಸರಿಪಡಿಸಲು ಮುಂದಕ್ಕೆ ಬಾಗಿದ. ಬುದ್ಧಿ ಎಡಗೈ ಅಡ್ಡ ಹಿಡಿದು ಅವನನ್ನು ತಡೆದರು.

“ಈಗ ಕಾಣ್ತೀನಾ?” ಎಂದು ಫೋನನ್ನು ತಿರುಗಿಸಿದರು. ಈಗ ಪರದೆಯಲ್ಲಿ ಅಂಗಳದ ತುಳಸಿ ಮಾತ್ರ.

ಶಾಂತಯ್ಯನವರ ಹುಬ್ಬು ಗಂಟಾಯಿತು. ಕಣ್ಣು ಪರದೆಯ ಮೇಲೆ ನಿಂತಿತು. ಹೊದಿಕೆಯ ಕೆಳಗಿಂದ ಎಡಗೈ ಮೆಲ್ಲಗೆ ಮೇಲೆದ್ದಿತು. ಒಂದು ಬೆರಳು ಆಡಿತು. ಇತ್ತ, ಇತ್ತ.

“ಅತ್ತಲಾ?” ಬುದ್ಧಿ ಅತ್ತ ತಿರುಗಿಸಿದರು. ಈಗ ಅವರ ಬಲಗಿವಿ.

“ಊಂ... ಊಂ!” ಶಾಂತಯ್ಯನವರ ಗಂಟಲಿಂದ ದನಿ ಹೊರಟಿತು. ಬೆರಳು ಜೋರಾಗಿ ಆಡಿತು. ಇತ್ತ ಕಣೋ, ಇತ್ತ! ಕೆಳಗೆ!

ಬುದ್ಧಿ ಕೆಳಗೆ ಇಳಿಸಿದರು. ಜಾಸ್ತಿ ಇಳಿಸಿದರು. ಬರೀ ಗಡ್ಡ.

ಶಾಂತಯ್ಯನವರ ಬಾಯಿಯ ಒಂದು ಬದಿ ಮೇಲಕ್ಕೆ ಸರಿಯಿತು. ಎದೆ ಕುಲುಕಿತು.

“ನಕ್ಕರು!” ಎಂದು ದಾಕ್ಷಾಯಿಣಿ ಕಿರುಚಿದಳು. “ಮಾವ ನಕ್ಕರು ಬುದ್ಧಿ!”

“ನಗದೆ ಏನು ಮಾಡ್ತಾನೆ? ನಾನು ಮೊದಲಿಂದಲೂ ಮೊದ್ದು ಅಂತ ಅವನಿಗೆ ಗೊತ್ತು,” ಎಂದರು ಬುದ್ಧಿ. “ಹೇಳೋ ಶಾಂತಾ. ಇನ್ನೂ ಮೇಲಕ್ಕಾ? ನಿಧಾನವಾಗಿ ಹೇಳು, ನನಗೆ ಬೇಗ ಹತ್ತಲ್ಲ.”

ಬೆರಳು ಹೇಳಿತು. ಸ್ವಲ್ಪ ಮೇಲೆ. ಇನ್ನೂ ಸ್ವಲ್ಪ. ಸಾಕು. ಬುದ್ಧಿಯ ಮುಖ ಪೂರ್ತಿ ಬಂತು. ಶಾಂತಯ್ಯನವರು ಬೆರಳು ಕೆಳಗಿಳಿಸಿ, ಕೆಲಸ ಮುಗಿಸಿದವರ ಹಾಗೆ ಉಸಿರು ಬಿಟ್ಟರು.

ಬುದ್ಧಿ ಮಣೆಯನ್ನು ಎಳೆದುಕೊಂಡರು. ಅದರ ಮೇಲೆ ಹಿತ್ತಾಳೆ ಚೆಂಬಿಟ್ಟು, ಚೆಂಬಿಗೆ ಒರಗಿಸಿ ಫೋನು ನಿಲ್ಲಿಸಿದರು. ಮಂಡಿ ಹಿಡಿದುಕೊಂಡು, ತಾವು ಅದರ ಎದುರಿಗೆ ನೆಲದ ಮೇಲೆ ಕೂತರು.

ಮಣೆಯ ಮೇಲಿಂದ ಶಾಂತಯ್ಯನವರು ನೋಡುತ್ತಿದ್ದರು. ತಾನೆಲ್ಲಿದ್ದೇನೆ ಅಂತ ಅವರಿಗೆ ಗೊತ್ತಾಯಿತು. ಆ ಮಠದಲ್ಲಿ ಬೆಳೆದವರಲ್ಲವೇ? ಅವರ ಕಣ್ಣು ಒದ್ದೆಯಾದರೂ ಈ ಸಲ ಮುಚ್ಚಲಿಲ್ಲ.

“ಗುರು ಹಸಿದಿದ್ದರೆ ಶಿಷ್ಯನಿಗೆ ಪಾಠ ಹತ್ತುತ್ತಾ?” ಎಂದರು ಬುದ್ಧಿ. “ಮೊದಲು ಗಂಜಿ ಕುಡಿ. ಆಮೇಲೆ ಈ ಕರೆ ಕತ್ತರಿಸೋದು ಹೇಗೆ ಅಂತ ಹೇಳಿಕೊಡು.”

ದಾಕ್ಷಾಯಿಣಿ ಚಮಚ ತುಟಿಗೆ ಹಿಡಿದಳು. ಶಾಂತಯ್ಯನವರು ಬಾಯಿ ತೆರೆದರು. ಒಂದು ಚಮಚ. ಎರಡು. ಅರ್ಧ ಬಟ್ಟಲು ಇಳಿಯಿತು. ಆಮೇಲೆ ಆ ಬೆರಳು ಎದ್ದು, ಪರದೆಯ ಮೂಲೆಯ ಕೆಂಪು ಗುರುತನ್ನು ತೋರಿಸಿತು. ಬುದ್ಧಿ ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಸರಿಯಾಗಿ ಒತ್ತಿದರು.

ಪರದೆ ಕಪ್ಪಾಯಿತು. ಹೊಳೆಯ ಸದ್ದು ಕೇಳಿಸಿತು.

ರಾಚಯ್ಯ ಕಣ್ಣೊರೆಸಿಕೊಂಡ. ಆದರೂ ಅವನಿಗೆ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎಷ್ಟಾದರೂ ಕಲಿಸಿದವನು.

“ಬುದ್ಧಿ, ನಿನ್ನೆಯೇ ನಿಮಗೆ ಎಲ್ಲ ಚೆನ್ನಾಗಿ ಬಂದಿತ್ತಲ್ಲ?”

ಬುದ್ಧಿ ಪಂಚೆಯ ತುದಿಯಿಂದ ಫೋನಿನ ಮೇಲಿನ ಬೂದಿ ಒರೆಸಿದರು.

“ಅದನ್ನ ಅವನಿಗೆ ಹೇಳಬೇಡ ಕಣಪ್ಪ. ನಾಳೆ ಬೆಳಿಗ್ಗೆ ನನಗೆ ಪಾಠ ಇದೆ.”