ಎಲ್ಲರಿಗೂ ಕೆಲಸ ಇದೆ

ಸಂಸ್ಥಾನದ ದಿವಾನರು ಗಣತಿ ಗುಮಾಸ್ತನ ಮೇಲೆ ಗುಡುಗಿದರು.

"ದುಡಿಯೋ ವಯಸ್ಸಿನವರಲ್ಲಿ ನೂರಕ್ಕೆ ಹದಿನೆಂಟು ಜನ ಕೆಲಸ ಹುಡುಕ್ತಾ ಅಲೀತಿದಾರೆ ಅಂತ ಬರೆದಿದ್ದೀಯಲ್ಲ! ನನ್ನ ಮಾನ ಏನಾಗಬೇಕು? ಪ್ರತಿ ಹೆಸರಿನ ಮುಂದೂ 'ಕೆಲಸ ಇದೆ' ಅಂತ ಬರಿ. ಇಲ್ಲಾಂದ್ರೆ ನಿನ್ನ ಕೆಲಸ ಇರಲ್ಲ."

ಮನೆಮನೆ ತಿರುಗಿ, ಒಬ್ಬೊಬ್ಬರನ್ನೂ ಕಂಡು ಎಣಿಸಿದ್ದ ಗುಮಾಸ್ತ ಅವನು. "ಅಪ್ಪಣೆ ಸ್ವಾಮಿ" ಎಂದು ಬೇರೆ ಪುಸ್ತಕದಲ್ಲಿ ಹಾಗೇ ಬರೆದ. ಬರೆದದ್ದನ್ನು ಕೇರಿಕೇರಿಗೂ ಹೋಗಿ ಗಟ್ಟಿಯಾಗಿ ಓದಿ ಬಂದ.

ಸೋಮವಾರ ದಿವಾನರ ಮೆರವಣಿಗೆ. ಜೈಕಾರಕ್ಕೆ ಪ್ರತಿ ಸಲ ಕೆಲಸವಿಲ್ಲದವರನ್ನೇ ಕರೆಸುತ್ತಿದ್ದರು. ಈ ಸಲ ಜವಾನರು ಹೋದ ಮನೆಯಲ್ಲೆಲ್ಲ ಒಂದೇ ಉತ್ತರ: "ಬರೋಕಾಗಲ್ಲ, ಕೆಲಸ ಇದೆ."

ಖಾಲಿ ಬೀದಿಯಲ್ಲಿ ಸಾರೋಟಿನ ಮೇಲೆ ಕೂತ ದಿವಾನರು ಗುಮಾಸ್ತನನ್ನು ಕರೆಸಿದರು. "ಏನಯ್ಯಾ ಕೆಲಸ ಇವರಿಗೆಲ್ಲ?"

"ನನಗೇನು ಗೊತ್ತು ಸ್ವಾಮಿ? ಕೊಟ್ಟವರು ತಾವು."

ದಿವಾನರು ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ದನಿ ತಗ್ಗಿಸಿ, "ಹಳೇ ಲೆಕ್ಕ ಎಲ್ಲಿ?" ಎಂದರು.

ಗುಮಾಸ್ತ ಕಂಕುಳಲ್ಲಿದ್ದ ಪುಸ್ತಕ ತೆಗೆದು ಮುಂದೆ ಹಿಡಿದ.

"ಇಲ್ಲೇ ಇದೆ. ಒಂದು ತಲೆ ಹೆಚ್ಚಿಲ್ಲ, ಒಂದು ತಲೆ ಕಮ್ಮಿಯಿಲ್ಲ. ಬೇಗ ರುಜು ಹಾಕಿ ಸ್ವಾಮಿ, ನನಗೂ ಕೆಲಸ ಇದೆ."