ಎರಡನೆಯ ಸಾಕ್ಷಿ

"ಗುರುಗಳೇ, ಜಿಪಿಎಸ್ ಇರುವಾಗ ನಕ್ಷೆಯ ಮೇಲೆ ಪೆನ್ಸಿಲ್ ಗುರುತು ಏಕೆ? ಎರಡೂ ಹೇಳುವುದು ಒಂದೇ ತಾನೇ?"

ಇಂದುಧರ ಸಿಟ್ಟಿನಿಂದಲೇ ಕೇಳಿದ. ಪುಟ್ಟ ವಿಮಾನದಲ್ಲಿ ಒಬ್ಬನೇ ದೂರ ಹಾರಿ ಆಗಷ್ಟೇ ಇಳಿದಿದ್ದ. ಗುರು ಬೋಪಯ್ಯನವರ ರುಜು ಬಿದ್ದರೆ ಲೈಸೆನ್ಸು ಸಿಕ್ಕಿದಂತೆಯೇ. ಅವರೋ, ಅವನ ನಕ್ಷೆಯನ್ನೇ ನೋಡುತ್ತ ಕುಳಿತಿದ್ದರು. ಗುರುತುಗಳ ಪಕ್ಕ ಬರೆದ ವೇಳೆಯಲ್ಲಿ ಒಂದು ನಿಮಿಷದ ತಪ್ಪೂ ಇರಲಿಲ್ಲ. ಇನ್ನೇನು ಬೇಕಂತೆ ಇವರಿಗೆ ಎಂದು ಅವನಿಗೆ ಮೈ ಉರಿಯಿತು.

ಗುರುಗಳು ಕತೆ ಹೇಳಿದರು.

ಒಬ್ಬ ಪೈಲಟ್ ಇದ್ದ. ಅವನಿಗೊಂದು ಕ್ರಮ ಕಲಿಸಿದ್ದರು. ಮೊದಲು ಕೈಗಡಿಯಾರ ನೋಡು. ವೇಗ, ಗಾಳಿ ಲೆಕ್ಕ ಹಾಕಿ, ಈಗ ಎಲ್ಲಿರಬೇಕೆಂದು ನಕ್ಷೆಯಲ್ಲಿ ಗುರುತು ಮಾಡು. ಅಲ್ಲಿನ ಕೆರೆ, ಗುಡ್ಡ ಕೆಳಗಿವೆಯೇ ನೋಡು. ಆಮೇಲೆ ಜಿಪಿಎಸ್. ಈ ಮಹಾನುಭಾವನಿಗೆ ಅಷ್ಟು ಪುರುಸೊತ್ತೆಲ್ಲಿ? ಮೊದಲು ಜಿಪಿಎಸ್ ನೋಡುತ್ತಿದ್ದ, ಅದು ತೋರಿಸಿದ್ದನ್ನೇ ನಕ್ಷೆಗೆ ಇಳಿಸುತ್ತಿದ್ದ. ಕೆಳಗೆ ಯಾವ ಕೆರೆ ಕಂಡರೂ ಅದೇ ಇದು ಎನ್ನುತ್ತಿದ್ದ.

ಒಮ್ಮೆ ಒಬ್ಬ ರೈತನ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಹೊಳೆ ತುಂಬಿ ದಾರಿ ಕಟ್ಟಿತ್ತು. ಪೈಲಟ್ ವೈದ್ಯೆಯನ್ನು ಕೂರಿಸಿಕೊಂಡು ಹಾರಿದ. ಆ ದಿನ ಜಿಪಿಎಸ್ ತಪ್ಪು ತೋರಿಸುತ್ತಿತ್ತು. ಬಲಕ್ಕೆ ಬರಬೇಕಾದ ಗುಡ್ಡ ಎಡಕ್ಕಿದೆಯಲ್ಲ ಎಂದು ವೈದ್ಯೆ ನಕ್ಷೆ ನೋಡಿ ಹೇಳಿದರು. ಜಿಪಿಎಸ್ಸೂ ನಕ್ಷೆಯೂ ಒಂದೇ ಹೇಳುತ್ತಿವೆ, ಸುಮ್ಮನಿರಿ ಎಂದು ಗದರಿಸಿದ. ಬೇರೆಲ್ಲೋ ಇಳಿದು, ಊರು ವಿಚಾರಿಸಿ, ಮತ್ತೆ ಹಾರಿ ತಲುಪುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ.

ಯಂತ್ರ ಕೈಕೊಟ್ಟಿತು ಎಂದನಂತೆ! ನಾಚಿಕೆಯಾಗಬೇಡವೇ? ಯಂತ್ರ ಒಂದಲ್ಲ ಒಂದು ದಿನ ತಪ್ಪುತ್ತದೆಂದೇ ಅಲ್ಲವೇ ಅವನ ಕೈಗೆ ಪೆನ್ಸಿಲ್ ಕೊಟ್ಟದ್ದು?

ವೈದ್ಯೆಯಿಂದ ನಡೆದದ್ದೆಲ್ಲ ತಿಳಿದ ರೈತ ಪೈಲಟ್‌ಗೆ ಅವನ ನಕ್ಷೆಯನ್ನೇ ತೋರಿಸಿ ಕೇಳಿದ. "ಈ ಗುರುತು ಹಾಕಿದ್ದು ಯಾರು?"

"ಜಿಪಿಎಸ್ ನೋಡಿ ನಾನೇ ಹಾಕಿದೆ."

"ಹಾಗಾದರೆ ಸಾಕ್ಷಿ ಒಂದೇ ಇತ್ತು. ಎರಡು ಎಂದು ಏಕೆ ಸುಳ್ಳು ಹೇಳಿದಿರಿ?"

ಕತೆ ಮುಗಿಯಿತು. ಇಂದುಧರನಿಗೆ ತಡೆಯಲಾಗಲಿಲ್ಲ. ಎರಡು ಜೀವ ಹೋದವು, ಅಂಥ ಕಳ್ಳನಿಗೆ ಯಾವ ಗುರು ರುಜು ಹಾಕಿಕೊಟ್ಟ ಎಂದು ಕೆರಳಿ ಕೇಳಿದ.

ಬೋಪಯ್ಯ ಮೇಜಿನ ಖಾನೆಯಿಂದ ಒಂದು ಕೈಗಡಿಯಾರ ತೆಗೆದು ನಕ್ಷೆಯ ಮೇಲಿಟ್ಟರು. ಅದು ಇಂದುಧರನದು.

"ಬೆಳಗ್ಗೆ ಇದನ್ನು ಇಲ್ಲೇ ಮರೆತು ಹಾರಿದೆಯಲ್ಲ, ಈ ನಿಮಿಷಗಳನ್ನೆಲ್ಲ ಯಾರನ್ನು ಕೇಳಿ ಬರೆದೆ?"