ಬೆಟ್ಟ ಹೊದ್ದ ಕರಿ ಶಾಲು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಸೈರಿ. ಬೆಟ್ಟದ ಹಿಮಗಡ್ಡೆ ಕಡಿದು, ಹುಲ್ಲಿನಲ್ಲಿ ಸುತ್ತಿ, ಕತ್ತೆಗಳ ಮೇಲೆ ಪೇಟೆಗೆ ಸಾಗಿಸುತ್ತಿದ್ದವರು. ನಮ್ಮ ಆಂಡೀಸ್ ಸಾಲಿನ ಯಾನಲಿಕ್ಲ ಬೆಟ್ಟಕ್ಕೆ ಇಂದಿಗೂ ನೆತ್ತಿಯಿಂದ ಸೊಂಟದವರೆಗೆ ಹಿಮವಿದೆ. ಆ ಬಿಳುಪನ್ನು ಸೀಳಿಕೊಂಡು ಕರಿಕಲ್ಲಿನ ಹರಿವೊಂದು ಕಣಿವೆಗೆ ಇಳಿದಿದೆ. ಹಿಮ ಬಿರಿದಲ್ಲಿ ಇಣುಕಿದರೆ ಬೂದಿಯ ಎರಡು ಗೆರೆಗಳು ಕಾಣುತ್ತವೆ. ಬೆಟ್ಟ ಹಿಂದೆ ಎರಡು ಸಲ ಬೆಂಕಿ ಉಗುಳಿದ ಗುರುತು ಅವು. ಮೂರನೆಯ ಸಲದ್ದೇ ಈ ಕರಿಕಲ್ಲು. ಯಾನಲಿಕ್ಲ ಎಂದರೆ ನಮ್ಮ ಮಾತಿನಲ್ಲಿ ಕರಿ ಶಾಲು.

ಹಿಂದೆ ಒಮ್ಮೆ ಇದಕ್ಕೆ ಬೇರೆ ಹೆಸರಿತ್ತಂತೆ. ವರ್ಷಕ್ಕೊಂದು ಬಿಳಿ ಶಾಲನ್ನು ಬೆಟ್ಟದಪ್ಪನಿಗೆಂದು ಹಿಮದಂಚಿನಲ್ಲಿ ಹಾಸಿ ಬರುವುದು ಪದ್ಧತಿ. ಅದನ್ನು ಎರಡೂ ತುದಿಗಳಿಂದ ನೇಯುತ್ತ ಬಂದು ನಡುವೆ ಕೂಡಿಸಬೇಕು, ಬಟ್ಟೆಗೆ ಎಲ್ಲೂ ಕತ್ತಿಯ ಅಲಗು ತಾಗಬಾರದು. ಏಳು ವರ್ಷ ಚಾಸ್ಕ ಎಂಬವಳ ಶಾಲೇ ಆಯ್ಕೆಯಾಯಿತು. ಎಂಟನೆಯ ವರ್ಷ ಅವಳ ಓರಗಿತ್ತಿ, ಮೈದುನನ ಹೊಸ ಹೆಂಡತಿ ವಾಯ್ತ, ನೇಯ್ದು ತಂದ ಶಾಲಿನ ಮೇಲೆ ಹಿರಿಯರು ಬೆರಳಾಡಿಸಿ, "ಕೂಡಿಸಿದ ಜಾಗವೇ ಸಿಗುತ್ತಿಲ್ಲವಲ್ಲ!" ಎಂದು ಅದನ್ನೇ ಆರಿಸಿದರು. "ಮುಂದಿನ ವರ್ಷ ನಿಮ್ಮದೇ ಬಿಡಿ ಅಕ್ಕಾ" ಎಂದು ವಾಯ್ತ ನಕ್ಕದ್ದು ಉರಿಗೆ ತುಪ್ಪ ಸುರಿದಂತಾಯಿತು. ಶಾಲನ್ನು ಮೇಲಕ್ಕೆ ಒಯ್ಯುವುದು ಮನೆಯ ಹಿರಿಯ ಸೊಸೆಯ ಪಾಲು. ಚಾಸ್ಕ ದಾರಿಯಲ್ಲಿ ಅದನ್ನು ನಡುವಿಗೆ ಕೊಯ್ದು ಕಲ್ಲಿನಡಿ ತುರುಕಿ, ತನ್ನದನ್ನು ಹಾಸಿ ಬಂದಳು.

ಅವಳು ಊರು ಮುಟ್ಟುವ ಮೊದಲೇ ಬೆಟ್ಟದೊಳಗೆ ಬೀಸುವ ಕಲ್ಲು ತಿರುಗಿದ ಸದ್ದು. ಬೂದಿ ಕವಿಯಿತು, ಹಿಮ ಕರಗಿ ಹೊಳೆಯಲ್ಲಿ ಕೆಸರು ಏರತೊಡಗಿತು. ಊರವರೆಲ್ಲ ದಿಣ್ಣೆ ಹತ್ತಿದರೂ ಹೊಳೆದಂಡೆಯ ಮನೆಯ ಹೊಸ್ತಿಲಲ್ಲಿ ವಾಯ್ತ ಕದಲದೆ ಕುಳಿತಿದ್ದಳು.

"ಏಳೇ, ಹತ್ತು ಮೇಲೆ!" ಎಂದು ಚಾಸ್ಕ ಕೂಗಿದಳು.

"ನನ್ನ ಶಾಲು ಹೊದ್ದವನು ನನ್ನನ್ನೇ ಮುಳುಗಿಸುತ್ತಾನೆಯೇ? ನಿಮಗೆ ಹೆದರಿಕೆಯಿದ್ದರೆ ನೀವು ಹೋಗಿ."

ಸುಮ್ಮನೆ ಹೊರಟುಬಿಟ್ಟರೆ ಮರುವರ್ಷದಿಂದ ಶಾಲು ಮತ್ತೆ ತನ್ನದೇ. ಚಾಸ್ಕ ನಾಲ್ಕು ಹೆಜ್ಜೆ ಹೋದಳು, ನಿಂತಳು.

"ಅವನು ಹೊದ್ದಿಲ್ಲ ಕಣೇ! ನಿನ್ನದನ್ನು ನಾನು ಕೊಯ್ದೆ. ಹಾಸಿದ್ದು ನನ್ನದು. ಏಳು!"

ವಾಯ್ತ ಎದ್ದು ಮೊದಲು ಅವಳ ಕೆನ್ನೆಗೆ ಬಾರಿಸಿದಳು, ಆಮೇಲೆ ಅವಳ ಕೈಹಿಡಿದೇ ಓಡಿದಳು ಎನ್ನುತ್ತಾರೆ. ಹಿಂದೆಯೇ ಕೆಸರು ಮನೆಯನ್ನು ನುಂಗಿತು. ಮೂರು ದಿನ ಕೆಂಡದ ಕಲ್ಲು ಹರಿದು ಕಪ್ಪಾಯಿತು. ಹೊಟ್ಟೆಕಿಚ್ಚಿನ ಶಾಲನ್ನು ಒಲ್ಲದೆ ಬೆಟ್ಟದಪ್ಪ ತಾನೇ ಈ ಕರಿ ಶಾಲನ್ನು ಹೊದ್ದನೆಂದು ಆ ಹೆಸರು ನಿಂತಿತು.

ಈಗ ಆ ಶಾಲನ್ನು ಒಬ್ಬಳೇ ನೇಯುವಂತಿಲ್ಲ. ಓರಗಿತ್ತಿಯರಿಬ್ಬರು ಮಗ್ಗದ ಎರಡು ತುದಿಗೆ ಕುಳಿತು ನೇಯುವುದನ್ನು ಬಂದವರು ಇಂದಿಗೂ ನೋಡಬಹುದು; ಅವರ ಬೈದಾಟವೂ ಕಿವಿಗೆ ಬೀಳುತ್ತದೆ. ಓದಿದವರು ಇದನ್ನು ನಾಲ್ಕು ಜನಕ್ಕೆ ಹೇಳಿ. ಚಾಸ್ಕ ಕೊಯ್ದದ್ದನ್ನು ಹೇಳುವಾಗ, ಹಿಂತಿರುಗಿ ನಿಂತದ್ದನ್ನು ಮಾತ್ರ ಬಿಡಬೇಡಿ.